ಅರ್ಹವಲ್ಲ ಎಂದು ನಾನು ಬರೆದ ಡಬ್ಬಿ

ರೈಲ್ವೆ ಗೇಟು ಬಿದ್ದಾಗ ನೀವೂ ಡಬ್ಬಿ ಎಣಿಸಿರುತ್ತೀರಿ. ಎಣಿಸದವರು ಯಾರಿದ್ದಾರೆ? ಬೈಕು ಬಂದ್ ಮಾಡಿ, ಒಂದು ಕಾಲು ನೆಲಕ್ಕೂರಿ, ನಲವತ್ತೊಂದು, ನಲವತ್ತೆರಡು ಎಂದು ತುಟಿ ಅಲ್ಲಾಡಿಸುವ ದೊಡ್ಡ ದೊಡ್ಡ ಮನುಷ್ಯರನ್ನು ನಮ್ಮ ಕೊಪ್ಪಳದಲ್ಲಿ ನಾನು ಎಷ್ಟೋ ಸಲ ನೋಡಿದ್ದೇನೆ. ಕೋರ್ಟಿಗೆ ತಡವಾಯಿತೆಂದು ಗೊಣಗುತ್ತಿದ್ದ ವಕೀಲರೊಬ್ಬರು ಗೂಡ್ಸ್ ಗಾಡಿ ಬಂದೊಡನೆ ಗೊಣಗಾಟ ನಿಲ್ಲಿಸಿ ಎಣಿಸತೊಡಗಿದರು. ನಡುವೆ ಪಕ್ಕದವನು ಗಂಟೆ ಎಷ್ಟೆಂದು ಕೇಳಿದ್ದಕ್ಕೆ ಲೆಕ್ಕ ತಪ್ಪಿ ಅವನ ಮೇಲೆಯೇ ಹರಿಹಾಯ್ದರು.

ನಾನು ಮಾತ್ರ ಎಣಿಸುವುದಿಲ್ಲ. ಗೂಡ್ಸ್ ಗಾಡಿ ಬಂದರೆ ಮೊಬೈಲು ತೆಗೆಯುತ್ತೇನೆ, ಇಲ್ಲವೇ ಸ್ಕೂಟರಿನ ಗಾಲಿಯಲ್ಲಿ ಗಾಳಿ ಇದೆಯೋ ಇಲ್ಲವೋ ಎಂದು ಬಗ್ಗಿ ನೋಡುತ್ತೇನೆ. ಹಳೆಯ ರೂಢಿ. ಅದು ಹೇಗೆ ಬಂತೆಂದು ಹೇಳಬೇಕಾದರೆ ಒಂದು ಡಬ್ಬಿಯ ವಿಷಯ ಹೇಳಬೇಕು, ಅದರ ಜೊತೆಗೆ ನಾನು ಮಾಡಿದ ಒಂದು ಕೆಲಸದ ವಿಷಯವನ್ನೂ ಹೇಳಬೇಕು. ಮೊದಲನೆಯದು ಸುಲಭ. ಅದಕ್ಕೇ ಅದರಿಂದ ಶುರು ಮಾಡುತ್ತೇನೆ.

ಕೊಪ್ಪಳದಿಂದ ಹೊಸಪೇಟೆಯ ಕಡೆಗೆ ಹೋಗುವ ದಾರಿಯಲ್ಲಿ ಒಂದು ಸಣ್ಣ ಸ್ಟೇಷನ್ನು. ಆಗಿನ್ನೂ ಮೀಟರ್ ಗೇಜ್ ಕಾಲ. ಗಂಗಾವತಿಗೆ ರೈಲು ಇರಲಿಲ್ಲವಾದ್ದರಿಂದ ಅಲ್ಲಿನ ಮಿಲ್ಲುಗಳ ಅಕ್ಕಿ ಲಾರಿಯಲ್ಲಿ ಈ ಸ್ಟೇಷನ್ನಿಗೆ ಬಂದು, ಇಲ್ಲಿ ಗೂಡ್ಸ್ ಡಬ್ಬಿ ತುಂಬಿ ಊರೂರಿಗೆ ಹೋಗುತ್ತಿತ್ತು. ತುಂಬುವ ಹಮಾಲರಲ್ಲಿ ನಮ್ಮಪ್ಪ ಭೀಮಪ್ಪನೂ ಒಬ್ಬ. ಯಲಬುರ್ಗಾ ಕಡೆಯ ಹಳ್ಳಿಯಿಂದ ಕೆಲಸಕ್ಕೆಂದು ಬಂದವನು. ಗಾಲಿ ಸವೆದು ಕೆಲಸಕ್ಕೆ ಬಾರದ ಒಂದು ಹಳೆಯ ಮುಚ್ಚು ಡಬ್ಬಿಯನ್ನು ಗಾಲಿ ಕಳಚಿ, ಗೂಡ್ಸ್ ಶೆಡ್ಡಿನ ಹಿಂದೆ ನಾಲ್ಕು ಮರದ ದಿಮ್ಮಿಗಳ ಮೇಲೆ ಕೂರಿಸಿದ್ದರು. ಶೆಡ್ಡಿನ ಮೇಲೆ ಕಣ್ಣಿಟ್ಟಿರು ಎಂದು ಹೇಳಿ ಅಂದಿನ ಸ್ಟೇಷನ್ ಮಾಸ್ತರರು ಅಪ್ಪನಿಗೆ ಅದರಲ್ಲಿ ಇರಲು ಬಿಟ್ಟರು. ಅಪ್ಪ, ಅವ್ವ, ನನಗಿಂತ ಆರು ವರ್ಷ ದೊಡ್ಡವಳಾದ ಅಕ್ಕ ನೀಲವ್ವ, ನಾನು. ನನ್ನ ಹದಿಮೂರನೆಯ ವಯಸ್ಸಿನವರೆಗೆ ಅದೇ ನಮ್ಮ ಮನೆ.

ಕಬ್ಬಿಣದ ಮನೆ. ಬೇಸಿಗೆಯಲ್ಲಿ ಹನ್ನೊಂದು ಗಂಟೆಗೆಲ್ಲ ಗೋಡೆ ಮುಟ್ಟಿದರೆ ಬೊಬ್ಬೆ ಬರುತ್ತಿತ್ತು. ಅವ್ವ ತಟ್ಟಿನ ಚೀಲಗಳನ್ನು ನೀರಲ್ಲಿ ಅದ್ದಿ ಬಾಗಿಲಿಗೆ ಇಳಿಬಿಡುತ್ತಿದ್ದಳು. ಮಳೆ ಬಂದರೆ ಒಬ್ಬರ ಮಾತು ಒಬ್ಬರಿಗೆ ಕೇಳಿಸುತ್ತಿರಲಿಲ್ಲ. ಮಳೆ ನಿಲ್ಲುವವರೆಗೆ ನಮ್ಮ ಮನೆಯಲ್ಲಿ ಜಗಳವೂ ನಿಲ್ಲುತ್ತಿತ್ತು. ಈ ಡಬ್ಬಿ ಎಷ್ಟು ಭಾರ ಹೊರಬಲ್ಲದು ಎಂದು ಹೊರಗೋಡೆಯ ಮೇಲೆ ಬಿಳಿ ಬಣ್ಣದಲ್ಲಿ ಬರೆದಿತ್ತು. ಊರಿಂದ ನೆಂಟರು ಬಂದು, ಇಷ್ಟು ಮಂದಿ ಹೇಗೆ ಮಲಗುವುದು ಎಂದು ಸಂಕೋಚಪಟ್ಟರೆ ಅಪ್ಪ ಆ ಅಂಕಿ ತೋರಿಸಿ, "ಇನ್ನೂ ಭಾಳ ಜಾಗ ಐತಿ ಬರ್ರಿ, ಸರ್ಕಾರನ ಬರ್ದು ಹಚ್ಚೈತಿ" ಎನ್ನುತ್ತಿದ್ದ.

ತುಂಬುವಾಗ ಚೀಲದಿಂದ ಸೋರಿದ ಅಕ್ಕಿಯನ್ನು ಗುಡಿಸಿಕೊಳ್ಳಲು ಹಮಾಲರ ಮನೆಯವರಿಗೆ ಬಿಡುತ್ತಿದ್ದರು. ಅವ್ವನೂ ಅಕ್ಕನೂ ಬಾರಿಗೆ ಹಿಡಿದು ಹೋಗುತ್ತಿದ್ದರು. ಹರಳು, ತುಕ್ಕಿನ ಪುಡಿ, ಎಲ್ಲ ಕೂಡಿದ ಅಕ್ಕಿ. ಅಕ್ಕ ಮೊರದಲ್ಲಿ ಹಾಕಿಕೊಂಡು ಮಧ್ಯಾಹ್ನವೆಲ್ಲ ಆರಿಸುತ್ತಿದ್ದಳು. ಆಗ ನಮ್ಮ ಸಾಲೆಯ ಹುಡುಗರಿಗೆ ಅನ್ನವೆಂದರೆ ಹಬ್ಬದ ಅಡುಗೆ. ಉಳಿದ ದಿನವೆಲ್ಲ ಜೋಳದ ರೊಟ್ಟಿ. ನಾನು ಮಾತ್ರ ಎದೆ ಸೆಟೆಸಿ, "ನಾವು ದಿನಾ ಅನ್ನ ಉಣ್ತೀವಿ" ಎಂದು ಹೇಳಿಕೊಂಡು ತಿರುಗುತ್ತಿದ್ದೆ. ಸ್ವಲ್ಪ ದಿನದಲ್ಲೇ ಯಾರೋ ಒಬ್ಬನು ಆ ಅಕ್ಕಿ ಎಲ್ಲಿಂದ ಬರುತ್ತದೆಂದು ಪತ್ತೆ ಹಚ್ಚಿದ. ಅಂದಿನಿಂದ ನನ್ನ ಹೆಸರು 'ಡಬ್ಬಿ ಶಿವ್ಯಾ' ಆಯಿತು. ಶಿವಪ್ಪ ಎಂದು ಹಾಜರಿ ಕೂಗಿದರೆ ಇಡೀ ವರ್ಗ "ಡಬ್ಬೀ" ಎಂದು ರೈಲಿನ ಹಾಗೆ ಕೂಗುತ್ತಿತ್ತು.

ನಾಚಿಕೆ ಆಗ ಹತ್ತಿದ್ದು. ಕೆಲವರಿಗೆ ಬಾಲ್ಯದಲ್ಲಿ ಹತ್ತಿದ ಕಜ್ಜಿ ವಾಸಿಯಾದರೂ ಕೆರೆದುಕೊಳ್ಳುವ ಅಭ್ಯಾಸ ಉಳಿಯುತ್ತದಲ್ಲ, ನನ್ನದು ಹಾಗೆ.

ಹೈಸ್ಕೂಲಿಗೆ ಕೊಪ್ಪಳದ ಹಾಸ್ಟೆಲ್ ಸೇರಿದಾಗ ನಾನು ಹೊಸ ಮನುಷ್ಯನಾದೆ. ಮನೆ ಎಲ್ಲಿ ಎಂದರೆ "ರೈಲ್ವೆ ಕ್ವಾರ್ಟರ್ಸ್" ಎನ್ನುತ್ತಿದ್ದೆ. ಅಕ್ಕ ವಾರಕ್ಕೊಮ್ಮೆ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬರುತ್ತಿದ್ದಳು. ನಾನು ಓಡಿಹೋಗಿ ಗೇಟಿನ ಹೊರಗೇ ಗಂಟು ಇಸಿದುಕೊಂಡು ಅವಳನ್ನು ಸಾಗಹಾಕುತ್ತಿದ್ದೆ. ಒಂದು ಮಾತೂ ಹೇಳಿರಲಿಲ್ಲ, ಆದರೂ ಮೂರನೆಯ ವಾರದಿಂದ ಅವಳೇ ರಸ್ತೆಯ ಆಚೆ ಬದಿ ನಿಂತು ಕೈ ಮಾಡತೊಡಗಿದಳು. ಮುಂದೆ ನಾನು ಮಾಸ್ತರನಾದೆ. ಕುಷ್ಟಗಿಯ ಬಟ್ಟೆ ಅಂಗಡಿಯವರ ಮಗಳು ಗಿರಿಜಾಳನ್ನು ನೋಡಲು ಹೋದಾಗ ಅವರಪ್ಪ, "ನಿಮ್ಮ ತಂದಿಯವರು ಏನ್ ಮಾಡತಿದ್ರು?" ಎಂದು ಕೇಳಿದರು. "ರೈಲ್ವೆದಾಗ ಇದ್ರು, ಗೂಡ್ಸ್ ವಿಭಾಗ" ಎಂದೆ. ಸುಳ್ಳೇನಲ್ಲ. ಅಷ್ಟು ಹೊತ್ತಿಗೆ ಅಪ್ಪ, ಅವ್ವ ಇಬ್ಬರೂ ತೀರಿಕೊಂಡಿದ್ದರು. ಅಕ್ಕ ಗಂಗಾವತಿಗೆ ಮದುವೆಯಾಗಿ ಹೋಗಿ, ಒಂದು ಅಕ್ಕಿ ಮಿಲ್ಲಿನಲ್ಲಿ ಕೆಲಸ ಹಿಡಿದಿದ್ದಳು. ನಮ್ಮ ಮದುವೆಯಲ್ಲಿ ಅವಳು ಎರಡು ದಿನವೂ ಅಡುಗೆ ಮಾಡುವವರ ಜೊತೆಗೇ ಇದ್ದಳು. ಅಲ್ಲೇ ಇರು ಎಂದು ಯಾರೂ ಹೇಳಿರಲಿಲ್ಲ.

ಹೆಡ್‌ಮಾಸ್ತರನಾಗಿ ನಿವೃತ್ತನಾದೆ. ಸುತ್ತಲಿನ ಶಾಸನಗಳ ಬಗ್ಗೆ ಒಂದು ತೆಳ್ಳನೆಯ ಪುಸ್ತಕ ಬರೆದೆ. ಕೊಂಡವರಿಗಿಂತ ನಾನು ಕೊಟ್ಟವರೇ ಹೆಚ್ಚು. ಆದರೂ ಅದರಿಂದ ಊರಲ್ಲಿ 'ಇತಿಹಾಸದ ಸರ್' ಆದೆ. ಶಾಲು ಹೊದಿಸಿಕೊಳ್ಳುವಾಗ ಕತ್ತು ಎಷ್ಟು ಬಗ್ಗಿಸಬೇಕು, ಫೋಟೋದವನು ಕ್ಲಿಕ್ ಮಾಡುವವರೆಗೆ ಎಷ್ಟು ಹೊತ್ತು ಬಗ್ಗಿಸಿಕೊಂಡೇ ಇರಬೇಕು ಎಂಬುದು ನನಗೆ ಚೆನ್ನಾಗಿ ಗೊತ್ತು.

ಈಚೆಗೆ ನಮ್ಮ ಜಿಲ್ಲೆಗೆ ರೈಲಿನ ಹುಮ್ಮಸ್ಸು ಬಂದಿದೆ. ಗಂಗಾವತಿಗೆ ರೈಲು ಬಂತು, ಕುಷ್ಟಗಿಗೂ ಬಂತು. ಈ ಭರದಲ್ಲಿ ನಮ್ಮ ಆ ಸಣ್ಣ ಸ್ಟೇಷನ್ನಿಗೂ ಬಣ್ಣ ಬಳಿದರು. ಅದರ ಹಿಂದಿನ ಜಾಗದಲ್ಲಿ ಮೀಟರ್ ಗೇಜ್ ಕಾಲದ ಡಬ್ಬಿಗಳು ಜಾಲಿಮುಳ್ಳಿನ ನಡುವೆ ಬಿದ್ದಿದ್ದವು. ಅವನ್ನೆಲ್ಲ ಗುಜರಿಗೆ ಹಾಕಿ, ಒಂದನ್ನು ಮಾತ್ರ ಉಳಿಸಿ ಸ್ಟೇಷನ್ ಮುಂದೆ ಇಡುವುದೆಂದು ತೀರ್ಮಾನವಾಯಿತು. ಯಾವುದನ್ನು ಉಳಿಸಬೇಕು ಎಂದು ಹೇಳಲು ಊರಿನ ತಿಳಿದವರೊಬ್ಬರು ಬೇಕು. ತಿಳಿದವನು ನಾನಲ್ಲದೆ ಇನ್ನಾರು?

ಕರೆದುಕೊಂಡು ಹೋದವಳು ಬಳ್ಳಾರಿಯ ಕಡೆಯ ಒಬ್ಬ ಇಂಜಿನಿಯರ್ ಹುಡುಗಿ, ಪದ್ಮಜಾ. ಚುರುಕು, ಕೆಲಸದಲ್ಲಿ ನಿಷ್ಠೆ. ಹಳೆಯದು ತಿಳಿದವರು ಇರಲಿ ಎಂದು ಅವಳು ಹಳಿ ಬದಲಿಸುವ ಕೆಲಸದಲ್ಲಿದ್ದ ಖಾಜಾಸಾಬ್ ಎಂಬ ನಿವೃತ್ತ ಪಾಯಿಂಟ್ಸ್‌ಮನ್ ಒಬ್ಬರನ್ನೂ ಬರಹೇಳಿದ್ದಳು. ನಾನು ಒಂದು ಹೆಜ್ಜೆ ಅವಳ ಹಿಂದಕ್ಕೆ ಸರಿದೆ. ನಾನು ಸಣ್ಣವನಿದ್ದಾಗ ಖಾಜಾಸಾಬ್ ಹೊಸದಾಗಿ ಕೆಲಸಕ್ಕೆ ಸೇರಿದ ತರುಣ. ಆದರೆ ಅವರು ನನಗೆ ಕೈಮುಗಿದರು, ಸರ್ ಎಂದರು. ಗುರುತು ಸಿಗಲಿಲ್ಲ ಎಂದುಕೊಂಡು ನಿರಾಳನಾದೆ.

ಅಲ್ಲಿ ಇದ್ದವು ಬಹಳವಲ್ಲ. ಬದಿಯ ತಗಡೆಲ್ಲ ಹೋದ ಒಂದೆರಡು ಡಬ್ಬಿ. ಗೂಡ್ಸ್ ಗಾಡಿಯ ಕೊನೆಗೆ ಗಾರ್ಡ್ ಕೂರುತ್ತಿದ್ದ ಒಂದು ಬ್ರೇಕ್ ವ್ಯಾನು: ಎರಡೂ ತುದಿಗೆ ಸಣ್ಣ ಪಡಸಾಲೆ, ಕಬ್ಬಿಣದ ಕಟಾಂಜನ, ಒಳಗೆ ಒಂದು ಮರದ ಕುರ್ಚಿ. ನೋಡಲು ಚೆಂದ. ಮತ್ತೆ ದಿಮ್ಮಿಗಳ ಮೇಲೆ ಕುಳಿತ ನಮ್ಮ ಮನೆ. ನಾವು ಬಿಟ್ಟ ಮೇಲೆ ಹಳಿ ಕೆಲಸದವರು ಅದರಲ್ಲಿ ಸಲಿಕೆ, ಹಾರೆ ಇಡುತ್ತಿದ್ದರಂತೆ.

ಪದ್ಮಜಾ ಟಾರ್ಚು ಹಿಡಿದು ಒಳಗೆ ಹೋದಳು. ನಾನೂ ಹೋದೆ. ಅಷ್ಟು ಸಣ್ಣದು! ನಾಲ್ಕು ಮಂದಿ ಇದರಲ್ಲಿ ಎಲ್ಲಿ ಮಲಗುತ್ತಿದ್ದೆವು?

"ಸರ್, ಇಲ್ಲೇನೋ ಬರೆದಿದಾರೆ ನೋಡಿ" ಎಂದಳು. "ನಿ... ಲ... ವ. ನಿಲುವು ಅಂತಾನಾ? ಕೆಳಗೆ ಹತ್ತಕ್ಕೆ ಮೂರು ಅಂತಿದೆ."

ನಿಲುವಲ್ಲ, ನೀಲವ್ವ. ನಾನು ಎರಡನೆಯ ಇಯತ್ತೆಯಲ್ಲಿದ್ದಾಗ ಮಾಸ್ತರನ ಆಟ ಆಡುತ್ತಿದ್ದೆ. ವಿದ್ಯಾರ್ಥಿ ಅಂತ ಇದ್ದವಳು ಅಕ್ಕ ಒಬ್ಬಳೇ. ಅವಳು ಸಾಲೆಯ ಮೆಟ್ಟಿಲು ಹತ್ತಿದವಳಲ್ಲ. ಪಾಟಿಯ ಮೇಲೆ ಬರೆದರೆ ಅಳಿಸಿಹೋಗುತ್ತದೆ ಎಂದು ಅವಳು ಮೊಳೆ ತೆಗೆದುಕೊಂಡು ಗೋಡೆಯ ಮೇಲೆ ತನ್ನ ಹೆಸರು ಕೊರೆದಳು. ದೀರ್ಘವಿಲ್ಲ, ಒತ್ತಕ್ಷರವಿಲ್ಲ. ನಾನು ಅದೇ ಮೊಳೆಯಿಂದ ಹತ್ತಕ್ಕೆ ಮೂರು ಅಂಕ ಕೊಟ್ಟೆ. ಆ ಅಷ್ಟು ಅಕ್ಷರದ ಮೇಲೆ ಅವಳು ಮುಂದೆ ತಾನೇ ಒಂದೊಂದಾಗಿ ಕೂಡಿಸಿಕೊಂಡಳು. ಅಕ್ಕಿ ಚೀಲದ ಮೇಲಿನದು, ಬಸ್ಸಿನ ಬೋರ್ಡಿನದು, ಮಿಲ್ಲಿನ ಗೋಡೆಯದು. ಈಗ ಬೆರಳಿಟ್ಟುಕೊಂಡು ಇಡೀ ಪೇಪರು ಓದುತ್ತಾಳೆ. ಮೂವತ್ತು ವರ್ಷ ನಾನು ಎಷ್ಟೋ ಮಕ್ಕಳಿಗೆ ಕಲಿಸಿದೆನೆಂದು ವೇದಿಕೆಗಳ ಮೇಲೆ ಹೇಳಿಕೊಂಡಿದ್ದೇನೆ. ನನ್ನ ಮೊದಲನೆಯ ವಿದ್ಯಾರ್ಥಿಯ ಹೆಸರು ಅಲ್ಲಿ ಮೂರು ಪದರ ಬಣ್ಣದ ಅಡಿಯಿಂದ ನನ್ನನ್ನು ನೋಡುತ್ತಿತ್ತು.

"ಇದರಾಗ ಒಂದು ಮನಿತನ ಇತ್ತು ನೋಡ್ರಿ ಮೇಡಂ" ಎಂದರು ಬಾಗಿಲಲ್ಲಿ ನಿಂತಿದ್ದ ಖಾಜಾಸಾಬ್. "ಭೀಮಪ್ಪ ಅಂತ ಹಮಾಲ. ಹೆಂಡ್ತಿ, ಮಗಳು, ಒಬ್ಬ ಮಗ. ಹುಡುಗ ಭಾಳ ಶ್ಯಾಣ್ಯಾ ಇದ್ದ."

"ಹೌದಾ? ಈಗ ಎಲ್ಲಿದಾರೆ ಅವರು?" ಪದ್ಮಜಾಳ ಮುಖ ಅರಳಿತು. "ಸರ್, ಇದೂ ಒಂದು ಹಿಸ್ಟರಿನೇ ಅಲ್ವಾ? ಮನೆ ಮಾಡ್ಕೊಂಡಿದ್ದ ವ್ಯಾಗನ್!"

ಖಾಜಾಸಾಬ್ ನನ್ನ ಕಡೆ ನೋಡಿದರು. ಅಷ್ಟೇ, ನೋಡಿದರು.

ಆಗ ನಾನು ಆಡಿದ ಮಾತನ್ನು ಹಾಗೆಯೇ ಬರೆಯುತ್ತೇನೆ. "ಯಾರೋ ಕೂಲಿ ಮಂದಿ ಗೀಚಿರತಾರ್ರಿ. ಇಂಥವು ಸಾವಿರ ಡಬ್ಬಿ ಇದ್ದವು. ಇದರಾಗ ಮಹತ್ವದ್ದು ಏನೂ ಇಲ್ಲ."

ಹೊರಗೆ ಬಂದು ಚಹಾ ಕುಡಿಯುವಾಗ ಖಾಜಾಸಾಬ್ ಮೆಲ್ಲಗೆ ಕೇಳಿದರು. "ಸರ್, ನಿಮ್ಮದು ಯಾವೂರಾತ್ರಿ?"

"ಯಲಬುರ್ಗಾ ಕಡೆ."

"ಹೌದ್ರಿ? ಭೀಮಪ್ಪನೂ ಅದಾ ಕಡಿಯಾಂವ." ಚಹಾ ಮುಗಿಸಿ, ಲೋಟ ಕೆಳಗಿಟ್ಟು, ಮತ್ತೆ ಕೈಮುಗಿದು ಹೋದರು.

ಮನೆಗೆ ಬಂದು ಎರಡು ಪುಟದ ಟಿಪ್ಪಣಿ ಬರೆದೆ. ಯಾವುದು ಉಳಿಸಲು ತಕ್ಕದ್ದು ಎಂಬುದಕ್ಕೆ ಅಳತೆಗೋಲು ಕೊಟ್ಟೆ: ಅಪರೂಪದ್ದಾಗಿರಬೇಕು, ರಚನೆಯಲ್ಲಿ ಚೆಲುವಿರಬೇಕು, ಜನರನ್ನು ಸೆಳೆಯಬೇಕು. ಬ್ರೇಕ್ ವ್ಯಾನು ಮೂರರಲ್ಲೂ ಗೆದ್ದಿತು. ಅನ್ಯಾಯದ ಮಾತೇನಲ್ಲ, ಅದು ನಿಜವಾಗಿ ಒಳ್ಳೆಯ ವಸ್ತುವೇ. ಆದರೆ ಇಡೀ ಗಾಡಿಯಲ್ಲಿ ಭಾರ ಹೊರದೇ ಇದ್ದ ಡಬ್ಬಿ ಅದೊಂದೇ ಎಂಬುದು ನನಗೆ ಆಗ ಹೊಳೆಯಲಿಲ್ಲ. ನಮ್ಮ ಡಬ್ಬಿಯ ಮುಂದೆ, 'ಸಾಮಾನ್ಯ ಸರಕು ಡಬ್ಬಿ, ಸಂರಕ್ಷಣೆಗೆ ಅರ್ಹವಲ್ಲ' ಎಂದು ಬರೆದೆ. ನನ್ನ ಅಕ್ಷರ ದುಂಡಗೆ ಚೆನ್ನಾಗಿದೆ. ಸಹಿಯೂ.

ಬ್ರೇಕ್ ವ್ಯಾನಿಗೆ ಕೆಂಪು ಬಣ್ಣ ಹೊಡೆದು ಸ್ಟೇಷನ್ ಮುಂದೆ ನಿಲ್ಲಿಸಿದರು. ಸಣ್ಣ ಸಮಾರಂಭ, ನನ್ನ ಭಾಷಣ, ಶಾಲು. 'ನಮ್ಮ ಹಿರಿಯರ ಬೆವರನ್ನು ಮರೆಯಬಾರದು' ಎಂದು ನಾನು ಹೇಳಿದ್ದು ಮರುದಿನ ಪೇಪರಿನಲ್ಲಿ ಫೋಟೋದೊಂದಿಗೆ ಬಂತು.

ಎಂಟು ಗಂಟೆಗೆಲ್ಲ ಗಂಗಾವತಿಯಿಂದ ಅಕ್ಕನ ಫೋನು.

"ತಮ್ಮಾ, ಪೇಪರಿನಾಗ ಓದಿದ್ಯೋ! ನಮ್ಮ ಡಬ್ಬಿ ಇಟ್ಟಾರಂತಲ್ಲ! ಹಳೇ ಗೂಡ್ಸ್ ಡಬ್ಬಿ ಉಳಿಸ್ಯಾರ, ಹಿರ್ಯಾರ ಬೆವರು ಅಂತ ನೀ ಹೇಳಿ. ನನಗ ಅಳು ಬಂತು ನೋಡು."

ಫೋಟೋದಲ್ಲಿ ನಾನೂ ಶಾಲೂ ಇದ್ದೆವೇ ಹೊರತು ಡಬ್ಬಿ ಸರಿಯಾಗಿ ಕಾಣುತ್ತಿರಲಿಲ್ಲ. ಅಲ್ಲ ಯಕ್ಕಾ, ಅದು ಬೇರೆ ಎಂದು ಹೇಳಲು ಎರಡು ಸೆಕೆಂಡು ಸಾಕಿತ್ತು. "ಹೂಂ ಯಕ್ಕಾ" ಎಂದೆ.

"ನಾ ನೋಡಬೇಕಲ್ಲೋ ಅದನ್ನ. ಬರ್ತೀನಿ."

ಬಿಸಿಲು ಎಂದೆ, ನನಗೆ ಕೆಲಸ ಎಂದೆ, ನಿನ್ನ ಮೊಣಕಾಲು ನೋವು ಎಂದೆ. ಎರಡು ವಾರ ತಳ್ಳಿದೆ. ಒಂದು ಬೆಳಿಗ್ಗೆ ಅವಳು ನನ್ನನ್ನು ಕೇಳದೆ ಗಂಗಾವತಿಯಲ್ಲಿ ರೈಲು ಹತ್ತಿ, ಆಮೇಲೆ ಫೋನು ಮಾಡಿದಳು. ನಾನು ಸ್ಕೂಟರು ತೆಗೆದುಕೊಂಡು ಓಡಿದೆ.

ಇಳಿದವಳು ಹೊಸ ಇಳಕಲ್ ಸೀರೆ ಉಟ್ಟಿದ್ದಳು. ಬ್ರೇಕ್ ವ್ಯಾನಿನ ಸುತ್ತ ಒಂದು ಸುತ್ತು ಬಂದಳು. ಯಾರೋ ಕಾಲೇಜು ಹುಡುಗಿಯರು ಪಡಸಾಲೆಯಲ್ಲಿ ನಿಂತು ಸೆಲ್ಫಿ ತೆಗೆದುಕೊಳ್ಳುತ್ತಿದ್ದರು.

"ಇದು ನಮ್ದಲ್ಲ" ಎಂದಳು.

"ಅಲ್ಲ."

"ನಮ್ದೆಲ್ಲಿ ಐತಿ?"

ಇಲ್ಲಿಯೂ ಸುಳ್ಳು ಹೇಳಬಹುದಾಗಿತ್ತು. ಆದರೆ ಅಷ್ಟು ದೂರ ಬಂದವಳ ಎದುರಿಗೆ ನಾಲಿಗೆ ಏಳಲಿಲ್ಲ. "ಅದನ್ನ ಮುರಿಯಾಕ ಕೊಟ್ರು ಯಕ್ಕಾ. ಬ್ಯಾಡಂತ ನಾನ ಬರ್ದುಕೊಟ್ಟೆ. ನಿನ್ನ ಹೆಸರು ಗ್ವಾಡಿ ಮ್ಯಾಲ ಹಂಗ ಇತ್ತು. ಆ ಇಂಜಿನಿಯರ್ ಹುಡುಗಿ ಓದಿದ್ಲು. ಅದರಾಗ ಇದ್ದವ್ರು ಈಗ ಎಲ್ಲಿ ಅದಾರ ಅಂತ ಕೇಳಿದ್ಲು. ಯಾರೋ ಗೀಚ್ಯಾರ ಅಂದೆ."

"ಯಾರೋ ಅಂದ್ಯಾ?"

"ಹೂಂ."

ಅವಳು ಗೂಡ್ಸ್ ಶೆಡ್ಡಿದ್ದ ಕಡೆಗೆ ನಡೆದಳು. ದಾರಿ ಅವಳಿಗೆ ಹೇಳಿಕೊಡಬೇಕಾಗಿರಲಿಲ್ಲ. ಅಲ್ಲಿ ಜಾಲಿಮುಳ್ಳನ್ನೆಲ್ಲ ಸವರಿ, ನೆಲ ಬಯಲಾಗಿತ್ತು. ಗ್ಯಾಸಿನ ಉರಿಯಿಂದ ಡಬ್ಬಿ ಕೊಯ್ದ ಕಡೆ ಮಣ್ಣು ಕಪ್ಪಾಗಿತ್ತು. ನಾಲ್ಕು ದಿಮ್ಮಿ ಬಿದ್ದಿದ್ದವು. ತಗಡೆಲ್ಲ ನಾಲ್ಕು ದಿನದ ಹಿಂದೆಯೇ ಲಾರಿ ಹತ್ತಿ ಹೋಗಿತ್ತು. ಅಕ್ಕ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ನಿಂತಳು. ಅಳಲಿಲ್ಲ.

ನಮ್ಮನ್ನು ಕಂಡು ಪದ್ಮಜಾ ಪ್ಲಾಟ್‌ಫಾರ್ಮಿನಿಂದ ಇಳಿದು ಬಂದಳು. "ಏನ್ ಸರ್, ಈ ಕಡೆ? ಇವರು ಯಾರು?"

ನಾನು ಬಾಯಿ ತೆರೆಯುವುದರೊಳಗೆ ಅಕ್ಕ ಹೇಳಿದಳು. "ಸರ್ ಅವ್ರ ಗುರ್ತಿನಾಕಿರಿ ತಾಯಿ. ಗಂಗಾವತಿಯಾಕಿ. ಹಂಗ ಸುಮ್ನ ಸ್ಟೇಷನ್ ನೋಡಾಕ ಬಂದಿದ್ದೆ."

ಎಷ್ಟು ಸಲೀಸಾಗಿ ಬಂತು ಆ ಮಾತು. ಐವತ್ತು ವರ್ಷದಿಂದ ನನ್ನ ಸಲುವಾಗಿ ಆಡಿ ಆಡಿ ನುಣುಪಾದ ಮಾತು. ಈಗಷ್ಟೇ ನಾನು ಅವಳನ್ನು 'ಯಾರೋ' ಎಂದದ್ದನ್ನು ಕೇಳಿ, ಎದುರಿಗೆ ಅವಳೇ ಯಾರೋ ಆಗಿ ನಿಂತಿದ್ದಳು. ಎರಡು ಉಸಿರಿನಷ್ಟು ಹೊತ್ತು ನಾನು ಸುಮ್ಮನಿದ್ದೆ. ಅದನ್ನೂ ಬರೆಯಲೇಬೇಕು. ಆ ಎರಡು ಉಸಿರಿನಲ್ಲಿ, ಹೇಗೂ ಅವಳೇ ಹೇಳಿಬಿಟ್ಟಳಲ್ಲ ಎಂದು ನನಗೆ ಹಗುರವೂ ಆಗಿತ್ತು.

ಆಮೇಲೆ ಹೇಳಿದೆ. "ನಮ್ಮಕ್ಕರಿ. ನೀಲವ್ವ ಅಂತ. ನೀವು ಡಬ್ಬಿಯೊಳಗ ಓದಿದ ಹೆಸರು ಇವಳದಾ. ಭೀಮಪ್ಪ ಹಮಾಲ ನಮ್ಮಪ್ಪ."

ಪದ್ಮಜಾ ನನ್ನನ್ನೂ ಅಕ್ಕನನ್ನೂ ನೋಡಿದಳು. ಸಿಟ್ಟು ಮಾಡಿದ್ದರೆ ಚೆನ್ನಾಗಿತ್ತು. "ಅಯ್ಯೋ ಸರ್, ಒಂದು ಮಾತು ಹೇಳಿದ್ರೆ ಆ ಒಂದು ತಗಡಾದ್ರೂ ಕೊಯ್ಸಿ ಇಡ್ತಿದ್ನಲ್ಲಾ" ಎಂದಳು, ತಪ್ಪು ತನ್ನದೇ ಎಂಬಂಥ ದನಿಯಲ್ಲಿ. ಅಕ್ಕನ ಕಾಲು ಮುಟ್ಟಲು ಬಗ್ಗಿದಳು. ಅಕ್ಕ ಗಾಬರಿಯಾಗಿ ಹಿಂದೆ ಸರಿದಳು.

ಕೊಪ್ಪಳಕ್ಕೆ ಹೋಗುವಾಗ ಸ್ಕೂಟರಿನ ಹಿಂದೆ ಕುಳಿತ ಅಕ್ಕ ಅರ್ಧ ದಾರಿಯವರೆಗೆ ಸೆರಗು ಹಾರದಂತೆ ಹಿಡಿದುಕೊಂಡಿದ್ದಳು. ಆಮೇಲೆ ನನ್ನ ಬೆನ್ನಿಗೆ ಹೇಳಿದಳು. "ಆ ಡಬ್ಬಿ ಹೋದ್ರ ಹೋಗ್ಲಿ ಬಿಡು. ಸುಡತಿತ್ತು ಅದು. ನೀ ಸಣ್ಣಾಂವ ಇದ್ದಾಗ ನಿನಗ ನಾಚಿಕಿ ಆಗ್ತಿತ್ತು, ನನಗ ಗೊತ್ತಿತ್ತು. ಹುಡುಗ, ಆಗ್ತೈತಿ ಅಂದ್ಕೊಂಡಿದ್ದೆ. ಇಷ್ಟು ವಯಸ್ಸಾದ ಮ್ಯಾಲೂ ಆಗ್ತೈತಿ ಅಂತ ಗೊತ್ತಿರಲಿಲ್ಲ ತಮ್ಮಾ."

ಗಾಡಿ ಓಡಿಸುತ್ತಿರುವವನಿಗೆ ಒಂದು ಅನುಕೂಲ ಇದೆ. ಹಿಂದೆ ಕುಳಿತವರಿಗೆ ಮುಖ ಕಾಣುವುದಿಲ್ಲ.

ಮನೆ ತಲುಪಿ ಅಕ್ಕ ಕೈಕಾಲು ತೊಳೆಯಲು ಹಿತ್ತಲಿಗೆ ಹೋದಾಗ ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಗಿರಿಜಾಳಿಗೆ ಎಲ್ಲವನ್ನೂ ಹೇಳಿದೆ. ಡಬ್ಬಿ, ಗುಡಿಸಿದ ಅಕ್ಕಿ, ಗೂಡ್ಸ್ ವಿಭಾಗ, ಎಲ್ಲ. ಮೂವತ್ತೈದು ವರ್ಷ ಮುಚ್ಚಿಟ್ಟದ್ದು ಹೇಳಿ ಮುಗಿಸಲು ಐದು ನಿಮಿಷವೂ ಹಿಡಿಯಲಿಲ್ಲ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ನನಗ ಗೊತ್ತೈತ್ರಿ" ಎಂದಳು.

"ಯಾವಾಗಿಂದ?"

"ಮದುವಿ ಆದ ವರ್ಷನ. ಅಕ್ಕಾರ ಹೇಳಿದ್ರು. ಅಂವಗ ನಾಚಿಕಿ ಐತಿ, ತಾನಾ ಹೇಳೂತನಕ ಕೇಳಬ್ಯಾಡವಾ ಅಂದಿದ್ರು. ನಮ್ಮಪ್ಪಗೂ ಗೊತ್ತಿತ್ತು. ಹುಡುಗ ಛಲೋ ಅದಾನ, ಸುಮ್ನಿರು ಅಂದಿದ್ರು."

ಅಂದರೆ ಖಾಜಾಸಾಬರಿಗೆ ಗೊತ್ತಿತ್ತು, ಇವಳಿಗೆ ಗೊತ್ತಿತ್ತು, ತೀರಿಹೋದ ಮಾವನಿಗೂ ಗೊತ್ತಿತ್ತು. ಅಷ್ಟು ವರ್ಷ ನಾನು ಜೋಪಾನ ಮಾಡಿದ ಗುಟ್ಟನ್ನು ನಿಜವಾಗಿ ಜೋಪಾನ ಮಾಡಿದವರು ಅವರು.

ಆ ದಿನ ಊಟ ಸೇರಲಿಲ್ಲ ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಆದರೆ ಸೇರಿತು. ಅಕ್ಕ ಕೈ ಒರೆಸಿಕೊಂಡು ಬಂದವಳು ಗಿರಿಜಾಳ ಕೈಯಿಂದ ಬುಟ್ಟಿ ಇಸಿದುಕೊಂಡು ತಾನೇ ಬಡಿಸಿದಳು. ಇನ್ನೊಂದು ಹಾಕಲೇನು ಎಂದು ಕೇಳಿದಳು. ಹೂಂ ಎಂದೆ. ಮೂರು ರೊಟ್ಟಿ ತಿಂದೆ, ತಲೆ ಎತ್ತದೆ.